ಯೆರೂಸಲೇಮಿನ ಸುರಂಗದಲ್ಲಿ

ಕಾರಡ್ಕದ ಆಸುಪಾಸಿನಲ್ಲಿ ಹುಟ್ಟಿ ಬೆಳೆದವರಿಗೆ ಸುರಂಗವೆಂದರೇನೆಂದು ವಿವರಿಸಬೇಕಾಗಿಲ್ಲ. ಗುಡ್ಡದ ಬುಡದಲ್ಲಿ ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಒಬ್ಬ ಮನುಷ್ಯ ನುಸುಳುವಷ್ಟು ದಾರಿ ಮಾಡಿ, ಒಳಗೆ ಒಸರುವ ನೀರನ್ನು ಹೊರಗಿನ ಕೆರೆಗೆ ಹಾಯಿಸಿ ಅಡಕೆ ತೋಟವನ್ನು ಉಳಿಸಿಕೊಂಡ ನಾಡು ನಮ್ಮದು. ಆದರೆ ಸುರಂಗವೊಂದರ ಬೆಲೆಯನ್ನು ಅರಿಯಲು ನಾವು ಸಮುದ್ರ ದಾಟಿ, ಕ್ರೈಸ್ತ ಯಾತ್ರಿಕರೊಡನೆ ಯೆರೂಸಲೇಮಿಗೆ ಹೋಗಬೇಕಾದೀತೆಂದು ಎಂದೂ ಎಣಿಸಿರಲಿಲ್ಲ.

ನಾವು ಕ್ರೈಸ್ತರಲ್ಲ. 2018ರ ನವೆಂಬರಿನಲ್ಲಿ ಆ ಯಾತ್ರೆಗೆ ಹೊರಟುದು ನಮಗೆ ಅಕ್ಷರ ಕಲಿಸಿದ ಮಾಸ್ತರರ ಕೈಹಿಡಿದು ನಡೆಸುವ ಸಲುವಾಗಿ. ಅವರು 1890ರಲ್ಲಿ ಸ್ಥಾಪಿತವಾದ ಬೇಳದ ಶೋಕಮಾತೆಯ ಇಗರ್ಜಿಗೆ ಸೇರಿದವರು. ನಿವೃತ್ತಿವೇತನದಿಂದ ವರ್ಷವರ್ಷವೂ ಇಷ್ಟಿಷ್ಟು ತೆಗೆದಿರಿಸಿ ಪವಿತ್ರ ನಾಡನ್ನು ಕಣ್ಣಾರೆ ಕಾಣಬೇಕೆಂದಿದ್ದರು. ಹಣ ಕೂಡುವಷ್ಟರಲ್ಲಿ ಕಣ್ಣು ಕೈಕೊಟ್ಟಿತು. ಗ್ಲಾಕೋಮಾ ಎಂಬ ಆ ರೋಗದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಬೆಳಕು ನೆರಳುಗಳ ಭೇದ ಮಾತ್ರ ಉಳಿದಿತ್ತು. ಯಾತ್ರೆಯನ್ನು ಬಿಡುವುದೇ ಲೇಸೆಂದು ಮಕ್ಕಳು ಹೇಳಿದರು, ಮಾಸ್ತರರು ಕೇಳಲಿಲ್ಲ.

ತಂಡದಲ್ಲಿ ಮಂಗಳೂರು, ಕಾಸರಗೋಡು ಕಡೆಯವರೇ ಹೆಚ್ಚು. ಜೊತೆಗೆ ಒಬ್ಬ ಪಾದ್ರಿಗಳು, ಅಲ್ಲಿಯವನೇ ಆದ ಒಬ್ಬ ಮಾರ್ಗದರ್ಶಿ. ಈ ಮಾರ್ಗದರ್ಶಿ ಪ್ರತಿ ಸ್ಥಳದಲ್ಲೂ ‘ಸಂಪ್ರದಾಯದ ಪ್ರಕಾರ’ ಎಂದೇ ಮಾತು ತೊಡಗುತ್ತಿದ್ದ. ಮಾಸ್ತರರದು ಒಂದೇ ಪ್ರಶ್ನೆ: “ಇದು ನಿಶ್ಚಯವೋ, ನಂಬಿಕೆಯೋ?” ಕೆಲವು ಸಹಯಾತ್ರಿಕರಿಗೆ ಇದು ಹಿಡಿಸಲಿಲ್ಲ. ನೋಡಲಾರದವನಿಗೆ ಹೇಳುವವನ ಮಾತೇ ಕಣ್ಣಲ್ಲವೇ? ಅದು ನೆಟ್ಟಗಿರಬೇಕೆಂದು ಅವರು ಬಯಸಿದುದರಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ.

ಮಾರ್ಗದರ್ಶಿಯೂ ಪ್ರಾಮಾಣಿಕನೇ. ಗಲಿಲಾಯ ಸರೋವರದ ದಡದ ಕಪೆರ್ನೌಮಿನಲ್ಲಿ, ಕರಿಗಲ್ಲಿನ ಪುಟ್ಟ ಮನೆಯೊಂದರ ಅವಶೇಷವನ್ನು ತೋರಿಸಿ, ಪೇತ್ರನ ಮನೆಯೆಂದು ಭಕ್ತರು ಪ್ರಾಚೀನ ಕಾಲದಿಂದಲೇ ಅದನ್ನು ಪೂಜ್ಯವೆಂದೆಣಿಸಿದ್ದರು, 5ನೆಯ ಶತಮಾನದಲ್ಲಿ ಅದರ ಮೇಲೆ ಎಂಟು ಮೂಲೆಯ ದೇವಾಲಯ ಕಟ್ಟಿದರು, 1968ರಲ್ಲಿ ಫ್ರಾನ್ಸಿಸ್ಕನ್ ಪುರಾತತ್ತ್ವಜ್ಞರು ಅದನ್ನೆಲ್ಲ ಅಗೆದು ಬಿಡಿಸಿದರು ಎಂದು ಹೇಳಿ, “ಪೇತ್ರನ ಹೆಸರಿನ ಬಾಗಿಲಫಲಕವೇನೂ ಸಿಕ್ಕಿಲ್ಲ” ಎಂದು ನಕ್ಕ. ಕೈಸರೈಯದಲ್ಲಿ ಮಾತ್ರ ಹಾಗಲ್ಲ. ರೋಮನರ ರಂಗಮಂದಿರದ ಮೆಟ್ಟಿಲಾಗಿ ಬಳಕೆಯಾಗಿದ್ದ ಕಲ್ಲೊಂದರಲ್ಲಿ ಪೊಂತ್ಯ ಪಿಲಾತನ ಹೆಸರು 1961ರಲ್ಲಿ ದೊರೆಯಿತು. ಯೇಸುವಿಗೆ ಮರಣದಂಡನೆ ವಿಧಿಸಿದ ಅಧಿಕಾರಿಗೆ ಕಲ್ಲೇ ಸಾಕ್ಷಿ ನುಡಿಯಿತು. ಹೈಫಾ ಪಟ್ಟಣವನ್ನು ಹಾದುಹೋಗುವಾಗ, 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ನಮ್ಮ ಮೈಸೂರಿನ ಅಶ್ವದಳವೂ ಆ ಊರನ್ನು ತುರ್ಕರಿಂದ ಗೆದ್ದುಕೊಂಡುದನ್ನು ನೆನೆದು, ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಾಚೆ ಇಣುಕಿದೆವು.

ಬೇತ್ಲೆಹೇಮಿನಲ್ಲಿ ನೂಕುನುಗ್ಗಲು, ಯೇಸುವಿನ ಸಮಾಧಿಯ ಮಹಾದೇವಾಲಯದಲ್ಲಿ ಅದಕ್ಕಿಂತಲೂ ಹೆಚ್ಚು. ಅವುಗಳ ವರ್ಣನೆ ಬೇಕಾದಷ್ಟು ಗ್ರಂಥಗಳಲ್ಲಿದೆ.

ಯೆರೂಸಲೇಮಿನ ಹಳೆಯ ಗೋಡೆಯ ಹೊರಗೆ, ತಗ್ಗಿನಲ್ಲಿ, ಗೀಹೋನ್ ಎಂಬ ಬುಗ್ಗೆಯಿದೆ. ಕ್ರಿ.ಪೂ. 701ರಲ್ಲಿ ಅಶ್ಶೂರದ ಸನ್ಹೇರೀಬನು ದಂಡೆತ್ತಿ ಬಂದಾಗ ನೀರು ಶತ್ರುವಿನ ಪಾಲಾಗದಿರಲೆಂದು, ಅರಸ ಹಿಜ್ಕೀಯನು ಬಂಡೆಯನ್ನು ಕೊರೆಯಿಸಿ ಬುಗ್ಗೆಯ ನೀರನ್ನು ಊರೊಳಗಿನ ಸಿಲೋವ ಕೊಳಕ್ಕೆ ತಂದನೆಂದು ಬೈಬಲು ಹೇಳುತ್ತದೆ. ಸುರಂಗದ ಉದ್ದ 533 ಮೀಟರು. ನಮ್ಮ ಲೆಕ್ಕದಲ್ಲಿ ಏಳುನೂರು ಕೋಲಿಗೂ ಮಿಕ್ಕಿ. ಇಷ್ಟುದ್ದಕ್ಕೂ ಇಳಿಜಾರು ಒಂದಡಿಯಷ್ಟೇ. ಎರಡು ತಂಡಗಳು ಎರಡು ತುದಿಗಳಿಂದ ಕೊರೆಯುತ್ತ ಬಂದು ನಡುವೆ ಕೂಡಿದವು. ಇನ್ನು ಮೂರು ಮೊಳ ಉಳಿದಿರಲು ಆಚೆಯವರ ಕೂಗು ಈಚೆಯವರಿಗೆ ಕೇಳಿಸಿತೆಂದು ಗೋಡೆಯಲ್ಲಿ ಕೆತ್ತಿದ್ದ ಶಾಸನವನ್ನು 1880ರಲ್ಲಿ ನೀರಿನಲ್ಲಿ ಆಡುತ್ತಿದ್ದ ಬಾಲಕನೊಬ್ಬ ಕಂಡ. ಆ ಶಾಸನ ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ.

ಮೊಣಕಾಲು ಮುಳುಗುವ ನೀರು, ಕತ್ತಲೆ, ಅಗಲವೋ ಎರಡಡಿ. ವೃದ್ಧರು ಒಣದಾರಿಯಲ್ಲಿ ಬರಲಿ ಎಂದ ಮಾರ್ಗದರ್ಶಿ. “ನಮ್ಮಪ್ಪ ಸುರಂಗ ಕೊರೆಯುತ್ತಿದ್ದವರು, ಬುಟ್ಟಿಯಲ್ಲಿ ಮಣ್ಣು ಹೊತ್ತವ ನಾನು” ಎಂದು ಮಾಸ್ತರರು ಪಂಚೆ ಎತ್ತಿಕಟ್ಟಿ ನೀರಿಗಿಳಿದರು. ಅಲ್ಲಿಯವರೆಗೆ ಎಲ್ಲ ಕಡೆ ಅವರ ಕೈ ನಮ್ಮ ಕೈಯಲ್ಲಿತ್ತು. ಒಳಹೊಕ್ಕ ಬಳಿಕ ನಮ್ಮ ಬ್ಯಾಟರಿ ದೀಪಕ್ಕಿಂತ ಅವರ ಬೆರಳುಗಳೇ ಚುರುಕಾದವು. ಗೋಡೆಯನ್ನು ಸವರುತ್ತ ಅವರು ಮುಂದೆ, ತಡವರಿಸುತ್ತ ನಾವು ಹಿಂದೆ. ಪಿಕ್ಕಾಸಿನ ಪ್ರತಿಯೊಂದು ಏಟಿನ ಗುರುತೂ ನಿಚ್ಚಳವಾಗಿ ಉಳಿದಿದೆ. ಬಹಳ ಹೊತ್ತು ನಡೆದ ಮೇಲೆ ಅವರು ಫಕ್ಕನೆ ನಿಂತು, “ಇಲ್ಲಿ ಏಟಿನ ದಿಕ್ಕು ತಿರುಗಿತು. ಇನ್ನೊಂದು ತಂಡದವರ ಕೈ ಇದು” ಎಂದರು. ದೀಪ ಎತ್ತಿ ನೋಡಿದೆವು. ಎರಡು ತಂಡಗಳು ಕೂಡಿದ ಸ್ಥಳವೆಂದು ತಿಳಿಸುವ ಫಲಕ ಅಲ್ಲೇ ಪಕ್ಕದಲ್ಲಿತ್ತು! ಅಂದು ಅವರು ‘ನಿಶ್ಚಯವೋ’ ಎಂದು ಯಾರನ್ನೂ ಕೇಳಲಿಲ್ಲ.

ಸಿಲೋವ ಕೊಳವೆಂದರೆ, ಹುಟ್ಟುಕುರುಡನ ಕಣ್ಣಿಗೆ ಯೇಸು ಕೆಸರು ಹಚ್ಚಿ, ತೊಳೆದುಕೋ ಎಂದು ಕಳುಹಿಸಿದ ಸ್ಥಳ. ಸುರಂಗದ ಬಾಯಲ್ಲಿರುವ ಚಿಕ್ಕ ಕೊಳವನ್ನೇ ಬಹುಕಾಲದಿಂದ ಅದೆಂದು ತೋರಿಸುತ್ತಿದ್ದರು. 2004ರಲ್ಲಿ ಚರಂಡಿ ಕೊಳವೆಯ ಕೆಲಸಕ್ಕಾಗಿ ಅಗೆಯುವಾಗ, ಸ್ವಲ್ಪ ಕೆಳಗೆ, ಯೇಸುವಿನ ಕಾಲದ ದೊಡ್ಡ ಕೊಳದ ಕಲ್ಲುಮೆಟ್ಟಿಲುಗಳು ಐದೈದರ ಸಾಲಾಗಿ ಕಾಣಿಸಿಕೊಂಡವು. ಮೇಲಿನ ಊರು ಸಿಲ್ವಾನ್. ಅಲ್ಲಿಯ ಪ್ಯಾಲೆಸ್ಟೈನಿಯರು ಈ ಉತ್ಖನನಗಳಿಂದ ತಮ್ಮ ಮನೆಗಳ ಗೋಡೆ ಬಿರಿಯುತ್ತಿವೆಯೆಂದು ದೂರುತ್ತ ಬಂದಿದ್ದಾರೆ. ಯಾತ್ರಿಕರಿಗೆ ಆ ಮಾತನ್ನು ಯಾರೂ ಹೇಳುವುದಿಲ್ಲ. 2023ರ ಅಕ್ಟೋಬರಿನಲ್ಲಿ ಯುದ್ಧ ತೊಡಗಿದ ಮೇಲೆ ಯಾತ್ರಿಕರ ಸಂಖ್ಯೆಯೇ ಕುಸಿಯಿತು.

ಮಾಸ್ತರರು ಸುರಂಗದ ಬಾಯಲ್ಲಿ ಬೊಗಸೆ ನೀರೆತ್ತಿ ಕಣ್ಣಿಗೆ ಒತ್ತಿಕೊಂಡರು. ನಾವು ಮುಖ ತಿರುಗಿಸಿದೆವು. ಕೊಂಚ ಹೊತ್ತಿನ ಮೇಲೆ, “ತಣ್ಣಗಿದೆ” ಎಂದಷ್ಟೇ ಹೇಳಿ ಕೈ ಚಾಚಿದರು. ಹಿಡಿದುಕೊಂಡು ಮೆಟ್ಟಿಲೇರಿದೆವು.

ಊರಿಗೆ ಮರಳಿದ ಹದಿನೈದು ದಿನಗಳಲ್ಲೇ ಅವರಿಂದ ಕರೆ ಬಂತು. ಅವರ ತಂದೆ ಕೊರೆದ ಹಿತ್ತಿಲ ಸುರಂಗಕ್ಕೆ, ಕೊಳವೆಬಾವಿ ತೋಡಿಸಿದಂದಿನಿಂದ ಮುಳ್ಳು ಮುಚ್ಚಿ ಎಲ್ಲರೂ ಮರೆತುಬಿಟ್ಟಿದ್ದರು. ಮುಳ್ಳು ಸರಿಸಿ, ಗಾಳಿಯುಂಟೋ ಇಲ್ಲವೋ ಎಂದು ಹಳೆಯವರ ಕ್ರಮದಂತೆ ಮೇಣದಬತ್ತಿ ಹಿಡಿದು ಒಳನಡೆದೆವು. ಬತ್ತಿ ಆರಲಿಲ್ಲ. ಮೂವತ್ತು ಕೋಲು ದಾಟಿದ ಮೇಲೆ ಮಾಸ್ತರರು ಗೋಡೆಗೆ ಕೈಯಿಟ್ಟು, ಬೆರಳನ್ನು ನಮ್ಮ ಕೆನ್ನೆಗೆ ತಾಗಿಸಿದರು. ಒದ್ದೆಯಾಗಿತ್ತು. ಮರುವಾರವೇ ಇಬ್ಬರು ಆಳುಗಳನ್ನು ಗೊತ್ತುಮಾಡಿ ಕೆಸರು ತೆಗೆಸತೊಡಗಿದರು.