ನಿಮಗಿದು ಗೊತ್ತೆ? ನೀರಿನ ಜತೆ ಜಾರುವ ಯೂರಿಯಾ

45 ಕಿಲೋ ಯೂರಿಯಾ ಮೂಟೆಯಲ್ಲಿ ಸಾರಜನಕ ಇರುವುದು ಶೇ 46, ಅಂದರೆ ಸುಮಾರು 20.7 ಕಿಲೋ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿಸುತ್ತವೆ. ನೈಟ್ರೇಟನ್ನು ಮಣ್ಣಿನ ಕಣ ಹಿಡಿದಿಟ್ಟುಕೊಳ್ಳದು. ನೀರು ಇಳಿದತ್ತ ಅದೂ ಇಳಿಯುತ್ತದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಂತೆಂದು ಮದ್ದೂರಿನ ಭತ್ತದ ಗದ್ದೆಗೆ ಬಿಟ್ಟಂತೆ ಟೊಮೆಟೊಗೂ ಬಿಟ್ಟರೆ, ಗೊಬ್ಬರದ ಒಂದು ಪಾಲು ಬೇರಿಗೆ ಸಿಗದೆ ಕೆಳಕ್ಕೆ ಬಸಿಯುತ್ತದೆ. ಹನಿ ನೀರಾವರಿಯಲ್ಲಿ ಕರಗಿಸಿ, ಕಂತುಕಂತಾಗಿ ಬುಡಕ್ಕೇ ಕೊಟ್ಟರೆ ಈ ನಷ್ಟ ತಗ್ಗುತ್ತದೆ. ಸಾರಜನಕ ಅತಿಯಾದರೆ ಗಿಡ ಸೊಕ್ಕಿ ಬರೀ ಎಲೆ. ನೋಡಲು ಚೆಂದ, ಮಾರಲು ಕಾಯಿಲ್ಲ!

ನೀರಿನ ಏರುಪೇರು ಕಾಯಿಗೂ ತಟ್ಟುತ್ತದೆ. ಟೊಮೆಟೊ ಕಾಯಿಯ ತುದಿ ಕಪ್ಪಾದರೆ ರೋಗವೆಂದು ಔಷಧಿ ಹೊಡೆಯುವವರುಂಟು. ಅದು ಕಾಯಿಗೆ ಕ್ಯಾಲ್ಸಿಯಂ ಸಾಲದ ಗುರುತು. ನೆಲವನ್ನು ಒಮ್ಮೆ ಒಣಗಿಸಿ, ಒಮ್ಮೆಲೇ ನೀರು ತುಂಬಿಸಿದರೆ ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದರೂ ಕಾಯಿಯವರೆಗೆ ಏರುವುದಿಲ್ಲ.