ಬೆಕ್ಕಿನ ಮರಿ ಎತ್ತಿಕೊಳ್ಳುವ ಮುನ್ನ

ನಿಲ್ಲಿಸಿದ ಕಾರಿನ ಅಡಿಯಿಂದಲೋ, ಅಪಾರ್ಟ್‌ಮೆಂಟಿನ ಮೀಟರ್ ಪೆಟ್ಟಿಗೆಗಳ ಹಿಂದಿನಿಂದಲೋ ಸಣ್ಣ ದನಿಯೊಂದು ಕೇಳಿಸುತ್ತದೆ. ಬಗ್ಗಿ ನೋಡಿದರೆ ಮುಷ್ಟಿಗಾತ್ರದ ಬೆಕ್ಕಿನ ಮರಿ. ತಾಯಿ ಎಲ್ಲೂ ಕಾಣುವುದಿಲ್ಲ. ಕರುಳುಳ್ಳವರು ಅದನ್ನು ಎತ್ತಿಕೊಂಡು ಮನೆಗೆ ತರುತ್ತಾರೆ, ಬಟ್ಟಲಲ್ಲಿ ಹಸುವಿನ ಹಾಲು ಹಾಕಿಡುತ್ತಾರೆ, ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ‘ಯಾರಾದರೂ ಸಾಕಿಕೊಳ್ಳಿ’ ಎಂದು ಕೇಳುತ್ತಾರೆ. ಈ ಮೂರೂ ಕೆಲಸಗಳ ಹಿಂದೆ ಇರುವುದು ಒಳ್ಳೆಯ ಮನಸ್ಸೇ. ಆದರೆ ಮರಿಯ ವಯಸ್ಸು ತಿಳಿಯದೆ ಮಾಡಿದರೆ ಮೂರೂ ಅದಕ್ಕೆ ಕುತ್ತಾಗಬಹುದು. ಬೆಕ್ಕಿನ ಮರಿಯ ಮೊದಲ ಎಂಟು ವಾರಗಳಲ್ಲಿ ಒಂದೊಂದು ವಾರದ ಅಗತ್ಯವೂ ಬೇರೆ. ಅದನ್ನು ಅರಿತವರೇ ಮರಿಯನ್ನು ನಿಜವಾಗಿ ಉಳಿಸಬಲ್ಲರು.

ಮೊದಲು ತಾಯಿಯ ವಿಷಯ. ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ಸುತ್ತಿಸುತ್ತದೆ ಎಂಬ ಮಾತು ನಮ್ಮಲ್ಲಿದೆ. ಏಳು ಎಂಬ ಲೆಕ್ಕ ಹೋಗಲಿ, ಜಾಗ ಬದಲಿಸುವುದಂತೂ ನಿಜ. ಒಂದೇ ಕಡೆ ಇದ್ದರೆ ವಾಸನೆ ಹಿಡಿದು ನಾಯಿ ಬರುತ್ತದೆ, ಚಿಗಟ ಹೆಚ್ಚುತ್ತದೆ. ಅಪರಿಚಿತ ಗಂಡು ಬೆಕ್ಕು ಮರಿಗಳನ್ನು ಕೊಲ್ಲುವುದೂ ಉಂಟು. ಹಾಗಾಗಿ ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಸಾಗಿಸುತ್ತದೆ. ಕುತ್ತಿಗೆಯ ಹಿಂದಿನ ಸಡಿಲ ಚರ್ಮಕ್ಕೆ ಹಲ್ಲು ತಾಗಿದೊಡನೆ ಮರಿ ಕಾಲು ಮಡಚಿ ಅಲುಗಾಡದೆ ಜೋತುಬೀಳುತ್ತದೆ. ಇದು ಹುಟ್ಟಿನಿಂದಲೇ ಬಂದ ಪ್ರತಿಕ್ರಿಯೆ. ನಾಲ್ಕು ಮರಿಗಳಿದ್ದರೆ ನಾಲ್ಕು ಬಾರಿ ಓಡಾಡಬೇಕು. ಮೂರನೆಯದನ್ನು ಬಿಟ್ಟು ನಾಲ್ಕನೆಯದಕ್ಕಾಗಿ ಅದು ಮರಳಿ ಬರುತ್ತಿರುವ ಹೊತ್ತಿಗೆ ನಾವು ಅಲ್ಲಿ ನಿಂತಿದ್ದರೆ ನಮ್ಮ ಕಣ್ಣಿಗೆ ಬೀಳುವುದು ಒಂಟಿ ಮರಿ. ನಾವು ಅದನ್ನು ಅನಾಥ ಎಂದುಕೊಳ್ಳುತ್ತೇವೆ.

ಆದ್ದರಿಂದ ದೂರ ಸರಿದು ಕೆಲವು ಗಂಟೆ ಕಾಯಬೇಕು. ನಾವು ಹತ್ತಿರವೇ ನಿಂತಿದ್ದರೆ ತಾಯಿ ಬರುವುದಿಲ್ಲ. ರಾತ್ರಿಯಿಡೀ ಕಾವಲು ಕೂರಲಾಗದವರು ಮರಿಯಿಂದ ಒಂದಷ್ಟು ದೂರದಲ್ಲಿ ಸುತ್ತಲೂ ತೆಳುವಾಗಿ ಹಿಟ್ಟು ಉದುರಿಸಿ ಬರಬಹುದು. ತಾಯಿ ಬಂದಿದ್ದರೆ ಹೆಜ್ಜೆಗುರುತು ಉಳಿದಿರುತ್ತದೆ. ಮನುಷ್ಯರ ಕೈ ತಾಗಿದ ಮರಿಯನ್ನು ತಾಯಿ ಹತ್ತಿರ ಸೇರಿಸುವುದಿಲ್ಲ ಎಂಬ ನಂಬಿಕೆಗೆ ಹೆಚ್ಚಿನ ಆಧಾರವಿಲ್ಲ. ತಪ್ಪಿ ತಂದ ಮರಿಯನ್ನು ಸಿಕ್ಕಿದ ಜಾಗಕ್ಕೇ ಮರಳಿ ಇಟ್ಟರೆ ತಾಯಿ ಸಾಮಾನ್ಯವಾಗಿ ಒಯ್ಯುತ್ತದೆ. ಆದರೆ ಮೈ ತಣ್ಣಗಾಗಿದ್ದರೆ, ಗಾಯವಾಗಿದ್ದರೆ, ಇರುವೆ ಮುತ್ತಿದ್ದರೆ, ಮಳೆಯಲ್ಲಿ ನೆನೆಯುತ್ತಿದ್ದರೆ ಕಾಯುತ್ತ ಕೂರಬಾರದು, ಕೂಡಲೇ ಎತ್ತಿಕೊಳ್ಳಬೇಕು.

ಎತ್ತಿಕೊಂಡ ಮರಿಯ ವಯಸ್ಸನ್ನು ಅಂಗೈ ಮೇಲೆಯೇ ಓದಬಹುದು. ಹೊಕ್ಕುಳಬಳ್ಳಿಯ ಒಣಗಿದ ತುಂಡು ಇನ್ನೂ ಅಂಟಿಕೊಂಡಿದ್ದರೆ ಅದು ಹುಟ್ಟಿ ನಾಲ್ಕೈದು ದಿನವೂ ಆಗಿಲ್ಲ. ಆಗ ಕಣ್ಣು ಮುಚ್ಚಿರುತ್ತದೆ, ಕಿವಿ ತಲೆಗೆ ಅಂಟಿದಂತಿರುತ್ತದೆ. ಕಣ್ಣು ತೆರೆಯುವುದು ಏಳರಿಂದ ಹದಿನಾಲ್ಕು ದಿನಗಳ ನಡುವೆ. ಎಲ್ಲ ಮರಿಗಳ ಕಣ್ಣೂ ಮೊದಲು ನೀಲಿಯೇ, ವಯಸ್ಕ ಬಣ್ಣ ಬರತೊಡಗುವುದು ಆರೇಳು ವಾರಗಳ ಹೊತ್ತಿಗೆ. ಬಾಯಿ ಬಿಡಿಸಿ ನೋಡಿದರೆ ಮುಂದಿನ ಸಣ್ಣ ಹಲ್ಲುಗಳು ಎರಡು ಮೂರು ವಾರಕ್ಕೆ, ಕೋರೆಹಲ್ಲು ಮೂರು ನಾಲ್ಕು ವಾರಕ್ಕೆ ಮೂಡಿರುತ್ತವೆ. ತೂಕವೂ ಒಳ್ಳೆಯ ಅಳತೆ. ಹುಟ್ಟುವಾಗ ಸುಮಾರು 100 ಗ್ರಾಂ ತೂಗುವ ಆರೋಗ್ಯವಂತ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರುತ್ತ ಹೋಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ತೂಕ ಏರದೆ ನಿಂತರೆ ಅದು ಕಾಯಿಲೆಯ ಮೊದಲ ಸುಳಿವು. ಹೊರಗೆ ಬೇರೆ ಲಕ್ಷಣ ಕಾಣುವ ಮೊದಲೇ ತಕ್ಕಡಿ ಅದನ್ನು ಹೇಳಿಬಿಡುತ್ತದೆ.

ಈಗ ಬಟ್ಟಲಿನ ಹಾಲು. ಹಸಿದ ಮರಿಗೆ ಮೊದಲು ಬೇಕಾದದ್ದು ಹಾಲಲ್ಲ, ಶಾಖ. ದೊಡ್ಡ ಬೆಕ್ಕಿನ ಮೈ 38ರಿಂದ 39 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುತ್ತದೆ. ಎಳೆಯ ಮರಿಗೆ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳಲು ಬಾರದು. ಮೊದಲ ದಿನಗಳಲ್ಲಿ ನಡುಗಿ ಬೆಚ್ಚಗಾಗುವ ಶಕ್ತಿಯೂ ಅದಕ್ಕಿಲ್ಲ. ತಾಯಿಯ ಹೊಟ್ಟೆ, ಒಡಹುಟ್ಟಿದವುಗಳ ಗುಂಪು, ಇವೇ ಅದರ ಒಲೆ. ಮೈ ತಣ್ಣಗಾದರೆ ಕರುಳಿನ ಚಲನೆ ನಿಧಾನವಾಗಿ ಕುಡಿದ ಹಾಲು ಜೀರ್ಣವಾಗದೆ ಉಳಿಯುತ್ತದೆ. ಹಾಗಾಗಿ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ, ರಟ್ಟಿನ ಪೆಟ್ಟಿಗೆಯ ಒಂದು ಬದಿಯಲ್ಲಿಡಿ. ಸೆಕೆಯಾದರೆ ಮರಿ ತೆವಳಿ ಸರಿಯಲು ಇನ್ನೊಂದು ಬದಿ ಖಾಲಿಯಿರಲಿ. ಬಾಯಿಯೊಳಗೆ ಬೆರಳಿಟ್ಟಾಗ ಬೆಚ್ಚಗಿದೆ ಎನಿಸಿದ ಮೇಲೆಯೇ ಆಹಾರ.

ಆ ಆಹಾರ ಹಸುವಿನ ಹಾಲಾಗಬಾರದು. ತಾಯಿ ಬೆಕ್ಕಿನ ಹಾಲಿನಲ್ಲಿ ಹಸುವಿನದಕ್ಕಿಂತ ಸುಮಾರು ಎರಡು ಪಟ್ಟು ಪ್ರೋಟೀನ್ ಇದೆ. ಹಸುವಿನ ಹಾಲಿನಲ್ಲಿ ಅದು ಸಾಲದು, ಲ್ಯಾಕ್ಟೋಸ್ ಮಾತ್ರ ಹೆಚ್ಚು. ಅದರಿಂದ ಭೇದಿ ಶುರುವಾದರೆ 200 ಗ್ರಾಂ ತೂಕದ ಜೀವ ನೀರಿನಂಶ ಕಳೆದುಕೊಂಡು ಸಾಯಲು ಹೆಚ್ಚು ಹೊತ್ತು ಬೇಕಿಲ್ಲ. ಪಶುವೈದ್ಯರಲ್ಲಿ, ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ. ಅದನ್ನು ಕಲಸಿ ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ ಕುಡಿಸಬೇಕು. ಕುಡಿಸುವ ಭಂಗಿಯಲ್ಲೇ ಅನೇಕರು ತಪ್ಪುತ್ತಾರೆ. ಮಗುವಿನಂತೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮರಿ ಹೊಟ್ಟೆಯ ಮೇಲೆ ಮಲಗಿ, ತಲೆ ತುಸು ಎತ್ತಿ, ಪುಟ್ಟ ಬಾಟಲಿಯಿಂದ ತಾನೇ ಚೀಪಬೇಕು. ನಾವು ಒತ್ತಿ ಬಾಯಿಗೆ ಸುರಿಯಬಾರದು. ಕುಡಿಸಿದ ಮೇಲೆ ಇನ್ನೊಂದು ಕೆಲಸವಿದೆ. ಸುಮಾರು ಮೂರು ವಾರದವರೆಗೆ ಮರಿ ತಾನಾಗಿ ಮಲಮೂತ್ರ ಮಾಡಲಾರದು, ತಾಯಿ ನೆಕ್ಕಿ ಪ್ರಚೋದಿಸುತ್ತದೆ. ತಾಯಿಯಿಲ್ಲದಲ್ಲಿ ಬೆಚ್ಚನೆಯ ನೀರಲ್ಲಿ ಅದ್ದಿದ ಹತ್ತಿಯಿಂದ ನಾವು ಮೃದುವಾಗಿ ಸವರಬೇಕು.

ಇನ್ನು ಮನೆ ಹುಡುಕುವ ಮಾತು. ನಮ್ಮ ಸಾಕುಬೆಕ್ಕುಗಳು ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕಿನಿಂದ ಬಂದವು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ, ಸುಮಾರು 9,500 ವರ್ಷ ಹಳೆಯ ಬೆಕ್ಕಿನ ಅಸ್ಥಿಪಂಜರದ ವಿಷಯ 2004ರಲ್ಲಿ ಪ್ರಕಟವಾಯಿತು. ಇಷ್ಟು ದೀರ್ಘ ಒಡನಾಟದ ನಂತರವೂ ಬೆಕ್ಕು ಹುಟ್ಟುತ್ತಲೇ ಮನುಷ್ಯರಿಗೆ ಒಗ್ಗಿರುವುದಿಲ್ಲ. ಪ್ರತಿ ಮರಿಯನ್ನೂ ಹೊಸದಾಗಿ ಪಳಗಿಸಬೇಕು, ಅದಕ್ಕೆ ಅವಧಿಯೂ ಚಿಕ್ಕದು. 1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ಮಾಡಿದ ಪ್ರಯೋಗಗಳು ಎರಡರಿಂದ ಏಳನೆಯ ವಾರದವರೆಗಿನ ಕಾಲವೇ ಮುಖ್ಯವೆಂದು ತೋರಿಸಿದವು. ಆ ವಾರಗಳಲ್ಲಿ ದಿನವೂ ಮನುಷ್ಯರ ಕೈಯಲ್ಲಿ ಆಡಿದ ಮರಿ ದೊಡ್ಡದಾದ ಮೇಲೂ ಮನುಷ್ಯರ ಹತ್ತಿರ ಬರುತ್ತದೆ. ಆಗ ಮನುಷ್ಯರನ್ನೇ ಕಾಣದ ಮರಿಯನ್ನು ಆಮೇಲೆ ಒಲಿಸಿಕೊಳ್ಳುವುದು ಬಹಳ ಕಷ್ಟ.

ಹಾಗೆಂದು ಐದು ವಾರದ ಮರಿಯನ್ನು ಕೊಟ್ಟುಬಿಡಬಾರದು. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆಗಿನ ಕುಸ್ತಿಯಲ್ಲಿ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಸುಮಾರು ಆರು ಸಾವಿರ ಬೆಕ್ಕುಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಂಟು ವಾರಕ್ಕೆ ಮೊದಲೇ ತಾಯಿಯಿಂದ ಬೇರ್ಪಟ್ಟವುಗಳಲ್ಲಿ ಕಚ್ಚುವ, ಪರಚುವ ಸ್ವಭಾವ ಹೆಚ್ಚು. ಎಂಟು ವಾರಕ್ಕೆ ಮುನ್ನ ಬೇಡವೇ ಬೇಡ, ಹನ್ನೆರಡು ವಾರವಾದರೆ ಇನ್ನೂ ಒಳ್ಳೆಯದು. ಅಲ್ಲಿಯವರೆಗೆ ಮರಿಗಳು ಒಟ್ಟಿಗಿರಲಿ, ಮನೆಯವರೆಲ್ಲ ಎತ್ತಿ ಆಡಿಸಲಿ. ಜೋಡಿ ಮರಿಗಳನ್ನು ಒಂದೇ ಮನೆಗೆ ಕೊಡಲಾದರೆ ಎರಡಕ್ಕೂ ಸುಖ.

ಈ ನಡುವೆ ಲಸಿಕೆ ಶುರುವಾಗಬೇಕು. ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣುಹಾಲಿನಿಂದ ತಾಯಿಯ ಪ್ರತಿಕಾಯಗಳು ಮರಿಗೆ ಬಂದಿರುತ್ತವೆ. ಅವು ಇರುವವರೆಗೆ ಲಸಿಕೆ ನಾಟುವುದಿಲ್ಲ, ಅವು ಕರಗುವ ದಿನ ಒಂದೊಂದು ಮರಿಗೆ ಒಂದೊಂದು. ಅದಕ್ಕೇ ಆರರಿಂದ ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು ಕೊಟ್ಟು, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಕೊಡುತ್ತಾರೆ. ಮರಿಗಳನ್ನು ಸಾಲಾಗಿ ಸಾಯಿಸುವ ಪಾನ್‌ಲ್ಯುಕೋಪೀನಿಯಾ ವೈರಸ್ ನೆಲದಲ್ಲಿ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಇತ್ತೀಚೆಗೆ ಮರಿ ಸತ್ತ ಮನೆಗೆ ಲಸಿಕೆಯಾಗದ ಮರಿಯನ್ನು ಕೊಡಬಾರದು. ಮೂರು ತಿಂಗಳಿಗೆ ರೇಬೀಸ್ ಲಸಿಕೆಯೂ ಆಗಬೇಕು. ಆರೈಕೆ ಮಾಡುವವರಿಗೆ ಮರಿ ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ವೈದ್ಯರನ್ನು ಕಾಣಲೇಬೇಕು.

ಮರಿ ಕೇಳಿಕೊಂಡು ಬಂದವರಲ್ಲಿ ನೇರವಾಗಿ ವಿಚಾರಿಸಲು ಸಂಕೋಚ ಬೇಡ. ಬೆಕ್ಕಿಗೆ ಏನು ತಿನ್ನಿಸುತ್ತೀರಿ? ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮಾಂಸ ಮೀನುಗಳಿಂದಲೇ ಪಡೆಯಬೇಕು. ಅದರ ಕೊರತೆಯಿಂದ ಕಣ್ಣು ಕುರುಡಾಗುತ್ತದೆಂದು 1975ರಲ್ಲಿ, ಹೃದಯ ಸೋಲುತ್ತದೆಂದು 1987ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಾಲು ಅನ್ನವಷ್ಟೇ ಹಾಕುತ್ತೇವೆ ಎನ್ನುವ ಮನೆ ಬೆಕ್ಕಿನ ಮನೆಯಲ್ಲ. ಮೇಲಿನ ಮಹಡಿಯಾದರೆ ಕಿಟಕಿ, ಬಾಲ್ಕನಿಗೆ ಬಲೆ ಇದೆಯೇ? ನೆಲ ಒರೆಸಲು ಏನು ಬಳಸುತ್ತೀರಿ? ಫೀನಾಲ್ ಇರುವ ದ್ರಾವಣವನ್ನೂ ಪ್ಯಾರಾಸಿಟಮಾಲ್ ಮಾತ್ರೆಯನ್ನೂ ಬೆಕ್ಕಿನ ಯಕೃತ್ತು ಸರಿಯಾಗಿ ಅರಗಿಸಲಾರದು. ಜ್ವರವೆಂದು ಕೊಟ್ಟ ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಹದಿನೈದು ವರ್ಷ ಬದುಕಬಲ್ಲ ಪ್ರಾಣಿಗಾಗಿ ಈ ಪ್ರಶ್ನೆಗಳನ್ನು ಕೇಳುವುದು ಅಧಿಕಪ್ರಸಂಗವಲ್ಲ. ಕಪ್ಪು ಮರಿ ಅಪಶಕುನ ಎನ್ನುವವರಿಗೆ, ಆ ಬಣ್ಣ ಮೆಲನಿನ್ ಎಂಬ ವರ್ಣದ್ರವ್ಯದ್ದು, ನಮ್ಮ ತಲೆಗೂದಲಲ್ಲಿ ಇರುವುದೂ ಅದೇ ಎಂದು ತಿಳಿಹೇಳಿ. ಹೆಣ್ಣಾದರೆ ಮರಿ ಹಾಕುತ್ತದೆಂದು ಗಂಡೇ ಬೇಕೆಂದು ಕೇಳುವವರ ಚಿಂತೆಗಂತೂ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಪರಿಹಾರ.

ಎಲ್ಲಕ್ಕಿಂತ ದೊಡ್ಡ ಕೆಲಸವೂ ಅದೇ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಕೂಡಿದ ಪ್ರಚೋದನೆಯಿಂದಲೇ ಅಂಡ ಬಿಡುಗಡೆಯಾಗುವುದರಿಂದ ಗಬ್ಬ ತಪ್ಪುವುದು ಅಪರೂಪ. ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಹಗಲು ಚಿಕ್ಕದಾಗುವ ಶೀತದೇಶಗಳ ಚಳಿಗಾಲದಲ್ಲಿ ಬೆಕ್ಕಿನ ಬೆದೆ ನಿಲ್ಲುತ್ತದೆ. ವರ್ಷವಿಡೀ ಸಾಕಷ್ಟು ಬೆಳಕಿರುವ ನಮ್ಮಲ್ಲಿ ಆ ಬಿಡುವು ಇಲ್ಲ. ಮರಿಗಳಿಗೆ ಮನೆ ಹುಡುಕಿ ತಾಯಿಯನ್ನು ಹಾಗೆಯೇ ಬಿಟ್ಟರೆ ಅದೇ ಮೀಟರ್ ಪೆಟ್ಟಿಗೆಯ ಹಿಂದೆ ಇನ್ನೊಂದು ಸೂಲು ಹುಟ್ಟುತ್ತದೆ.

ನಿಮ್ಮ ಬೀದಿಯಲ್ಲಿ ಈಗ ಮರಿ ಹಾಕಿರುವ ಬೆಕ್ಕೊಂದಿದ್ದರೆ, ಅದಕ್ಕೆ ದಿನವೂ ಒಂದೇ ಹೊತ್ತಿಗೆ ಊಟ ಹಾಕಿ ವಿಶ್ವಾಸ ಗಳಿಸಿ. ಮರಿಗಳು ಹಾಲು ಬಿಟ್ಟೊಡನೆ ಹತ್ತಿರದ ಪಶು ಆಸ್ಪತ್ರೆಯನ್ನೋ ಪ್ರಾಣಿದಯಾ ಸಂಸ್ಥೆಯನ್ನೋ ಸಂಪರ್ಕಿಸಿ ತಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ. ಮರಿಗಳನ್ನು ಕೊಡುವಾಗಲೂ ಆರು ತಿಂಗಳೊಳಗೆ ಅವಕ್ಕೂ ಮಾಡಿಸುತ್ತೇವೆಂಬ ಮಾತನ್ನು ಪಡೆದು, ದಿನ ಬಂದಾಗ ಫೋನ್ ಮಾಡಿ ನೆನಪಿಸಿ. ನಾಲ್ಕು ಮನೆಯವರು ಸೇರಿ ಖರ್ಚು ಹಂಚಿಕೊಂಡರೆ ಯಾರಿಗೂ ಭಾರವಾಗದು.