ರಜಾದಿನಗಳಲ್ಲಿ ಮಗುವಿನ ಹಲ್ಲು ಕಳಚಿ ಬಿದ್ದರೆ

ಬೇಸಿಗೆಯ ರಜೆಯಲ್ಲಿ ಮಾವಿನ ಮರದಿಂದ ಬಿದ್ದೋ, ಚಿನ್ನಿದಾಂಡಿನ ಪೆಟ್ಟು ತಗುಲಿಯೋ ಮಕ್ಕಳ ಮುಂದಿನ ಹಲ್ಲು ಬೇರುಸಹಿತ ಕಳಚಿ ಬೀಳುವುದುಂಟು. 8 ವರ್ಷ ಮೀರಿದವರಲ್ಲಿ ಇದು ಸಾಮಾನ್ಯವಾಗಿ ಶಾಶ್ವತ ಹಲ್ಲು, ಮತ್ತೆ ಹುಟ್ಟದು. ಇದನ್ನೂ ಹಾಲುಹಲ್ಲಿನಂತೆ ಮಾಡಿನ ಮೇಲೆ ಎಸೆಯಬಾರದು.

ಬೇರಿಗೆ ಅಂಟಿರುವ ಜೀವಕೋಶಗಳು ಒಣಗಿದರೆ ಸುಮಾರು 1 ಗಂಟೆಯೊಳಗೆ ಸಾಯುತ್ತವೆ. ಆದುದರಿಂದ ಬೇರನ್ನು ಮುಟ್ಟದೆ, ಬಿಳಿಯ ಭಾಗವನ್ನು ಹಿಡಿದೆತ್ತಿ, ಮಣ್ಣಾಗಿದ್ದರೆ ಉಜ್ಜದೆ ತಣ್ಣೀರಿನಲ್ಲಿ ಕ್ಷಣಕಾಲ ತೊಳೆದು, ಅದರ ಕುಳಿಯಲ್ಲಿಯೇ ಕೂರಿಸಿ, ಶುಭ್ರವಾದ ಬಟ್ಟೆಯನ್ನು ಕಚ್ಚಿಸಬೇಕು. ಮಗು ಒಪ್ಪದಿದ್ದಲ್ಲಿ ಹಲ್ಲನ್ನು ತಣ್ಣನೆಯ ಹಾಲಿನಲ್ಲಿಡಿ, ನೀರಿನಲ್ಲಲ್ಲ. ಹಾಲಿಲ್ಲದ ಮನೆ ನಮ್ಮಲ್ಲಿ ವಿರಳ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಕೂಡದು.

ಹಬ್ಬ ಮುಗಿಯಲೆಂದು ಕಾಯದೆ ಕೂಡಲೇ ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಮಗುವಿಗೆ ವಾಂತಿ ಅಥವಾ ಮಂಪರು ಕಂಡುಬಂದರೆ ತಲೆಗೆ ಪೆಟ್ಟಾಗಿರಬಹುದು. ಆಗ ಮೊದಲು ಆಸ್ಪತ್ರೆಯ ತುರ್ತು ವಿಭಾಗ, ಹಲ್ಲಿನ ಮಾತು ಅನಂತರ.